ಮೂಳೆ ಕಟ್ಟುವ ‘ಸ್ಟೆಮ್ ಸೆಲ್’ ಮಾತ್ರೆ: ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲೂ ಗೆಲ್ಲುತ್ತಾ?

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮ ಊಟ ಬಡಿಸುತ್ತಲೇ ಕೇಳಿದಳು: “ಈ ಮಾತ್ರೆ ತಗೊಂಡ್ರೆ ಆ ಇಂಜೆಕ್ಷನ್ ಬಿಡಬಹುದೇನೋ?”

ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವಳು ಅಮ್ಮ. ಅಷ್ಟು ಸಣ್ಣದಾಗಿ ಬಿದ್ದರೆ ಮೂಳೆ ಮುರಿಯಬಾರದಿತ್ತು ಅಂತ ಡಾಕ್ಟರು ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಜೊಲೆಡ್ರೊನಿಕ್ ಆ್ಯಸಿಡ್ ಬರೆದುಕೊಟ್ಟರು. ಮೊದಲ ಸಲ ಹಾಕಿಸಿಕೊಂಡಾಗ ಎರಡು ದಿನ ಜ್ವರ, ಮೈಕೈ ನೋವು. ಹಾಗಾಗಿ ಎರಡನೇ ಡೋಸ್ ಹತ್ತಿರ ಬಂದಂತೆ ಅಮ್ಮನಿಗೆ ಭಯ. ಅದೇ ಹೊತ್ತಿಗೆ ಚಿಕ್ಕಮ್ಮ ಒಂದು ಬಾಟಲಿ ತಂದುಕೊಟ್ಟಿದ್ದಾರೆ, ಜೊತೆಗೆ ಒಂದು ವಾಟ್ಸಾಪ್ ವಿಡಿಯೋ. ಬಾಟಲಿ ಮೇಲೆ ಇರೋದು ಸಾಧುವಾದ ಮಾತು: ‘ಮೂಳೆ ಆರೋಗ್ಯಕ್ಕೆ ಬೆಂಬಲ’. ವಿಡಿಯೋದಲ್ಲಿ ಹೇಳೋದು ಬೇರೆ: ನಿಮ್ಮ ಮಲಗಿರುವ ಸ್ಟೆಮ್ ಸೆಲ್‌ಗಳನ್ನು ಎಬ್ಬಿಸಿ ಹೊಸ ಮೂಳೆ ಕಟ್ಟುತ್ತದೆ, ನೂರಕ್ಕೆ ನೂರು ನೈಸರ್ಗಿಕ, ‘ಸಂಶೋಧನೆಯಿಂದ ಸಾಬೀತು’. ಒಳಗಿರೋದು ಮಂಗರವಳ್ಳಿ, ಅರಿಶಿನ, ಸೋಯಾ ಮತ್ತು ಕರಿಮೆಣಸಿನ ಸಾರ.

ಅಮ್ಮನಿಗೆ ‘ಅದೆಲ್ಲ ಸುಳ್ಳು’ ಅಂದುಬಿಟ್ಟು ಊಟ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಸುಳ್ಳಲ್ಲ. ತೊಂದರೆ ಇರೋದೇ ಅಲ್ಲಿ.

ಮೊದಲು ನಿಜವಾದ ಭಾಗ. 1960ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮೂಳೆಮಜ್ಜೆಯಲ್ಲಿ ವಿಚಿತ್ರ ಜೀವಕೋಶಗಳನ್ನು ಗುರುತಿಸಿದರು. ಮಜ್ಜೆಯನ್ನು ತಟ್ಟೆಗೆ ಹಾಕಿದರೆ ರಕ್ತದ ಕೋಶಗಳು ತೇಲುತ್ತಾ ಉಳಿಯುತ್ತವೆ. ಇವು ಮಾತ್ರ ತಳಕ್ಕೆ ಅಂಟಿಕೊಂಡು ಗುಂಪುಗುಂಪಾಗಿ ಬೆಳೆಯುತ್ತವೆ. ಪ್ರಾಣಿಯ ದೇಹಕ್ಕೆ ಮರಳಿ ಸೇರಿಸಿದರೆ ಮೂಳೆ ಕಟ್ಟುತ್ತವೆ. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವುಗಳಿಗೆ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಅಂತ ಹೆಸರಿಟ್ಟರು. ತಮಾಷೆ ಅಂದರೆ, 2017ರಲ್ಲಿ ಅದೇ ಕ್ಯಾಪ್ಲನ್ ‘ಈ ಹೆಸರು ಬದಲಾಯಿಸೋಣ’ ಅಂತ ಲೇಖನ ಬರೆದರು. ಕಾರಣ, ‘ಸ್ಟೆಮ್ ಸೆಲ್’ ಅನ್ನೋ ಪದ ಇಟ್ಟುಕೊಂಡು ಜಗತ್ತಿನ ಗಲ್ಲಿಗಲ್ಲಿಯಲ್ಲಿ ಕ್ಲಿನಿಕ್‌ಗಳು ಹುಟ್ಟಿಕೊಂಡಿದ್ದವು. ಹೆಸರಿಟ್ಟವರೇ ವಾಪಸ್ ತಗೋತೀನಿ ಅಂದರೂ ಮಾರುಕಟ್ಟೆ ಬಿಡಲಿಲ್ಲ.

ಈ ಕೋಶ ಮುಖ್ಯವಾಗಿ ಮೂರು ದಾರಿ ಹಿಡಿಯಬಹುದು: ಮೂಳೆ, ಮೃದ್ವಸ್ಥಿ, ಕೊಬ್ಬು. ಪಿಯುಸಿ ಮುಗಿಸಿದ ಹುಡುಗರು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕೂತ ಹಾಗೆ. ಎಲ್ಲದಕ್ಕೂ ಒಂದೇ ಡಿಎನ್‌ಎ, ಯಾವ ಜೀನ್ ಆನ್ ಆಗುತ್ತೆ ಅನ್ನೋದರ ಮೇಲೆ ಸೀಟು. ಮೂಳೆಯ ಕಡೆಗೆ ತಿರುಗಿಸುವ ದೊಡ್ಡ ಸ್ವಿಚ್‌ನ ಹೆಸರು ರಂಕ್ಸ್-2. 1997ರಲ್ಲಿ ಈ ಜೀನ್ ತೆಗೆದುಹಾಕಿದ ಇಲಿಗಳನ್ನು ಬೆಳೆಸಿ ನೋಡಿದಾಗ ಅವುಗಳ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿಯಾಗಿಯೇ ಉಳಿದಿತ್ತು, ಗಟ್ಟಿ ಮೂಳೆ ಇರಲೇ ಇಲ್ಲ. ಕೊಬ್ಬಿನ ಕಡೆಗೆ ಎಳೆಯೋದು ಪಿಪಿಎಆರ್-ಗಾಮಾ ಅನ್ನೋ ಇನ್ನೊಂದು ಸ್ವಿಚ್. ಒಂದು ಮೇಲಾದರೆ ಇನ್ನೊಂದನ್ನು ತಗ್ಗಿಸುತ್ತದೆ. ವಯಸ್ಸಾಗುತ್ತಾ, ಅದರಲ್ಲೂ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದಾಗ, ತಕ್ಕಡಿ ಕೊಬ್ಬಿನ ಕಡೆ ವಾಲುತ್ತದೆ. ಮಜ್ಜೆಯಲ್ಲಿ ಕೊಬ್ಬು ಹೆಚ್ಚುತ್ತದೆ, ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್‌ಗಳು ಕಡಿಮೆಯಾಗುತ್ತವೆ. ಅಮ್ಮನ ಮಣಿಕಟ್ಟಿನಲ್ಲಿ ಆಗಿದ್ದರಲ್ಲಿ ಇದೂ ಒಂದು ಪಾಲು.

ಹಾಗಾದರೆ ಗಿಡದ ಒಂದು ಅಣು ಬಂದು ತಕ್ಕಡಿಯನ್ನು ಮೂಳೆಯ ಕಡೆ ವಾಲಿಸಬಹುದಾ? ಪ್ರಯೋಗಾಲಯದ ತಟ್ಟೆಯಲ್ಲಾದರೆ, ಹೌದು. ಸೋಯಾದ ಜೆನಿಸ್ಟೀನ್ ಈಸ್ಟ್ರೊಜೆನ್‌ನ ಬೀಗಕ್ಕೆ ಅರ್ಧಂಬರ್ಧ ಹೊಂದುವ ಕೀಲಿ. ಲಕ್ನೋದ ಸಿಡಿಆರ್‌ಐ ಸಂಸ್ಥೆಯವರು ನಮ್ಮ ಬೀಟೆಯ ಬಂಧುವಾದ ಶೀಶಮ್ ಮರದಿಂದ ತೆಗೆದ ಅಣುಗಳು ಬಿಎಂಪಿ-2 ಅನ್ನೋ ಪ್ರೋಟೀನಿನ ಮೂಲಕ ಆಸ್ಟಿಯೊಬ್ಲಾಸ್ಟ್‌ಗಳನ್ನು ಚುರುಕುಗೊಳಿಸುತ್ತವೆ ಅಂತ ತೋರಿಸಿದ್ದಾರೆ. ದ್ರಾಕ್ಷಿ, ಈರುಳ್ಳಿ, ಅರಿಶಿನ, ಹೀಗೆ ಪಟ್ಟಿ ಉದ್ದ ಇದೆ.

ತಟ್ಟೆಯಲ್ಲಿ ನಿಜಕ್ಕೂ ಏನಾಗುತ್ತೆ ಅಂತ ನೋಡಿದರೆ ಆ ‘ಸಾಬೀತು’ ಅನ್ನೋ ಪದದ ತೂಕ ಗೊತ್ತಾಗುತ್ತದೆ. ಕೋಶಗಳನ್ನು ಬರೀ ಗಿಡದ ರಸದಲ್ಲಿ ಬೆಳೆಸಲ್ಲ. ಅವುಗಳಿಗೆ ಮೊದಲೇ ಒಂದು ‘ಮೂಳೆ ದ್ರಾವಣ’ ಕೊಟ್ಟಿರುತ್ತಾರೆ: ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್, ವಿಟಮಿನ್ ಸಿ, ಮತ್ತು ಬೀಟಾ-ಗ್ಲಿಸರೊಫಾಸ್ಫೇಟ್ ಅನ್ನೋ ಫಾಸ್ಫೇಟ್ ಮೂಲ. ಇವಿಷ್ಟೇ ಸಾಕು, ಸುಮಾರು ಮೂರು ವಾರದಲ್ಲಿ ಕೋಶಗಳು ಕ್ಯಾಲ್ಸಿಯಂ ಕಟ್ಟಲು ಶುರುಮಾಡುತ್ತವೆ. ಗಿಡದ ಅಣುವನ್ನು ಸಾಮಾನ್ಯವಾಗಿ ಇದರ ಮೇಲೆ ಸೇರಿಸಿ ಎಷ್ಟು ಹೆಚ್ಚಾಯಿತು ಅಂತ ನೋಡುತ್ತಾರೆ. ಇಳಿಜಾರಿನಲ್ಲಿ ಹೊರಟ ಗಾಡಿಗೆ ಹಿಂದಿನಿಂದ ಒಂದು ಕೈ ಕೊಟ್ಟ ಹಾಗೆ. ಕೈ ಕೊಟ್ಟದ್ದು ಸುಳ್ಳಲ್ಲ, ಆದರೆ ಗಾಡಿ ಹೊರಡಿಸಿದ್ದು ಅದಲ್ಲ.

ಅಂದಹಾಗೆ, ಈ ದ್ರಾವಣದಲ್ಲಿರೋ ವಿಟಮಿನ್ ಸಿ ಕೂಡ ‘ನೈಸರ್ಗಿಕ ಸಂಯುಕ್ತ’ವೇ. ಮೂಳೆಯ ಹಂದರವಾದ ಕೊಲ್ಯಾಜೆನ್ ಸರಿಯಾಗಿ ಹೆಣೆದುಕೊಳ್ಳಲು ಅದು ಬೇಕೇ ಬೇಕು. ಸ್ಟೆಮ್ ಸೆಲ್ ಮೂಳೆಕೋಶ ಆಗಲು ನಿಸ್ಸಂದೇಹವಾಗಿ ಸಹಾಯ ಮಾಡುವ ಸಸ್ಯಮೂಲದ ಅಣು ಯಾವುದು ಅಂದರೆ ನಾನು ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆ ತೋರಿಸುತ್ತೇನೆ. ಅದಕ್ಕೆ ಯಾರೂ ವಿಡಿಯೋ ಮಾಡಲ್ಲ, ಕೆಜಿ ಸೀಬೆಯಲ್ಲಿ ಲಾಭ ಎಷ್ಟಿರುತ್ತೆ ಹೇಳಿ.

ಕ್ಯಾಲ್ಸಿಯಂ ಕಟ್ಟಿದೆಯಾ ಅಂತ ನೋಡೋದು ಬಣ್ಣ ಹಾಕಿ. ಅಲಿಜರಿನ್ ರೆಡ್ ಕ್ಯಾಲ್ಸಿಯಂಗೆ ಅಂಟಿ ತಟ್ಟೆ ಕೆಂಪಾಗುತ್ತದೆ. ಈ ಅಲಿಜರಿನ್‌ನ ಮೂಲ ನಮ್ಮ ಮಂಜಿಷ್ಠದ ಯುರೋಪಿಯನ್ ಸೋದರಿಯಾದ ಮ್ಯಾಡರ್ ಗಿಡದ ಬೇರು. 1736ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಬೆಲ್ಚಿಯರ್, ಬಟ್ಟೆಗೆ ಬಣ್ಣದಚ್ಚು ಹಾಕುವವನೊಬ್ಬನ ಮನೆಯಲ್ಲಿ ಊಟಕ್ಕೆ ಕೂತಾಗ ಹಂದಿಯ ಮೂಳೆ ಕೆಂಪಗಿರೋದನ್ನು ಕಂಡರು. ಆ ಹಂದಿಗೆ ಮ್ಯಾಡರ್ ಬಣ್ಣ ಹತ್ತಿದ ಹೊಟ್ಟು ತಿನ್ನಿಸುತ್ತಿದ್ದರು. ಹೊಸದಾಗಿ ಬೆಳೆಯೋ ಮೂಳೆಗೆ ಬಣ್ಣ ಹತ್ತುತ್ತೆ ಅನ್ನೋದು ಹೀಗೆ ಗೊತ್ತಾಯಿತು. ಇವತ್ತು ಆ ಕೆಂಪನ್ನು ಬೆಳಕಿನ ಮೀಟರಿನಲ್ಲಿ ಅಳೆಯುತ್ತಾರೆ. ಅಲ್ಲೇ ಒಂದು ಗುಂಡಿಯೂ ಇದೆ: ಅರಿಶಿನದ ಕರ್ಕ್ಯುಮಿನ್ ಸ್ವತಃ ಗಾಢ ಹಳದಿ, ಅದೂ ಬೆಳಕು ಹೀರುತ್ತದೆ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತದೆ. ಎಚ್ಚರ ತಪ್ಪಿದರೆ ಮೀಟರ್ ‘ಪರಿಣಾಮ ಇದೆ’ ಅಂದುಬಿಡುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಕರ್ಕ್ಯುಮಿನ್ ಬಗ್ಗೆ ಇದನ್ನೇ ವಿಸ್ತಾರವಾಗಿ ಬರೆದು, ಅಷ್ಟೊಂದು ಪ್ರಬಂಧಗಳ ರಾಶಿಯ ನಡುವೆ ಗಟ್ಟಿ ಫಲಿತಾಂಶ ಕೊಟ್ಟ ಡಬಲ್-ಬ್ಲೈಂಡ್ ಪ್ರಯೋಗ ಒಂದೂ ಇಲ್ಲ ಅಂದಿತು.

ಮಂಗರವಳ್ಳಿಯ ಕಥೆ

ಬಾಟಲಿಯಲ್ಲಿ ನನಗೆ ಗೌರವ ಇರೋ ಹೆಸರು ಮಂಗರವಳ್ಳಿ. ನಾಲ್ಕು ಮೂಲೆಯ, ಗೆಣ್ಣು ಗೆಣ್ಣಾದ ಕಾಂಡ. ಸರಪಳಿ ಹಾಗೆ ಕಾಣುತ್ತೆ, ಸಂಸ್ಕೃತದ ಹೆಸರೇ ಅಸ್ಥಿಶೃಂಖಲಾ. ಹಿಂದಿಯಲ್ಲಿ ಹಡ್‌ಜೋಡ್, ತಮಿಳಿನಲ್ಲಿ ಪಿರಂಡೈ. ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ನಾರು ತೆಗೆದು, ಹುಣಸೆ ಜಾಸ್ತಿ ಹಾಕಿ ಚಟ್ನಿ ಮಾಡುತ್ತಿದ್ದರು. ಹುಣಸೆ ಕಡಿಮೆಯಾದರೆ ಗಂಟಲು ಕೆರೆಯುತ್ತದೆ, ಅದರಲ್ಲಿರೋ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ.

ಇದನ್ನು ಆಧುನಿಕ ವಿಧಾನದಲ್ಲಿ ಮೊದಲು ಪರೀಕ್ಷಿಸಿದವರಲ್ಲಿ ದಕ್ಷಿಣ ಕನ್ನಡ ಮೂಲದ ಸರ್ಜನ್ ಕೆ.ಎನ್. ಉಡುಪ ಒಬ್ಬರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಅವರೂ ಸಹೋದ್ಯೋಗಿ ಪ್ರಸಾದ್ ಅವರೂ ಮೂಳೆ ಮುರಿದ ಇಲಿಗಳಿಗೆ ಮಂಗರವಳ್ಳಿ ಸಾರ ಕೊಟ್ಟು, ಮುರಿತ ಬೇಗ ಕೂಡುತ್ತದೆ ಅಂತ ವರದಿ ಮಾಡಿದರು. ಆಯುರ್ವೇದದ ಸ್ಥಿತಿಗತಿ ಅಧ್ಯಯನಕ್ಕೆ 1958ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೂ ಇದೇ ಉಡುಪರು ಅಧ್ಯಕ್ಷರು. ಪರಂಪರೆಯನ್ನು ಗೌರವಿಸೋದು ಅಂದರೆ ಅದನ್ನು ಪರೀಕ್ಷೆಗೆ ಕೂರಿಸೋದು ಅಂತ ಅವರ ಕೆಲಸ ಹೇಳುತ್ತಿತ್ತು. ಇಂದು ಪರೀಕ್ಷೆ ಅಂದರೆ ಅವಮಾನ ಅನ್ನೋ ಗುಂಪು ಒಂದು ಕಡೆ, ಗಿಡ ಅಂದಕೂಡಲೇ ನಗುವ ಗುಂಪು ಇನ್ನೊಂದು ಕಡೆ.

2009ರಲ್ಲಿ ನಮ್ಮ ಮಣಿಪಾಲದ ಸಂಶೋಧಕರು ಇನ್ನೊಂದು ಹೆಜ್ಜೆ ಇಟ್ಟರು. ಇಲಿಯ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳಿಗೆ ಮಂಗರವಳ್ಳಿ ಸಾರ ಕೊಟ್ಟಾಗ ಅವು ಹೆಚ್ಚು ವೃದ್ಧಿಯಾಗಿ, ಆಸ್ಟಿಯೊಬ್ಲಾಸ್ಟ್ ಕಡೆಗೆ ಹೆಚ್ಚು ವಾಲಿದವು ಅಂತ ಪ್ರಕಟಿಸಿದರು. ವಿಡಿಯೋದವರ ‘ಸಂಶೋಧನೆಯಿಂದ ಸಾಬೀತು’ ಬಹುಶಃ ಇಂಥ ಪ್ರಬಂಧಗಳ ನೆರಳು. ಆದರೆ ಆ ಪ್ರಬಂಧದ ಹೆಸರಲ್ಲೇ ಇರೋ ಒಂದು ಪದವನ್ನು ಅವರು ಓದಲ್ಲ: ಪೆಟ್ರೋಲಿಯಂ ಈಥರ್ ಸಾರ. ಎಣ್ಣೆಯಲ್ಲಿ ಕರಗುವ ಅಣುಗಳನ್ನು ಮಾತ್ರ ಎಳೆದುಕೊಳ್ಳುವ ದ್ರಾವಕ ಅದು. ನೀರಲ್ಲಿ ಕುದಿಸಿದರೆ ಬರೋದು ಬೇರೆ ಅಣುಗಳು, ಒಣಗಿಸಿ ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದರೆ ಇನ್ನೂ ಬೇರೆ. ಗಿಡದ ಹೆಸರು ಒಂದೇ, ವಸ್ತು ಮೂರು.

ಇದು ಕೂದಲು ಸೀಳೋ ವಾದ ಅನ್ನಿಸಿದರೆ ಚೀನಾದ ತೂ ಯೂಯೂ ಅವರನ್ನು ನೆನಪಿಸಿಕೊಳ್ಳಿ. ಮಲೇರಿಯಾಗೆ ಹೇಳಿದ್ದ ಗಿಡವನ್ನು ಬಿಸಿಯಲ್ಲಿ ಕಾಯಿಸಿದಾಗ ಸರಿಯಾದ ಫಲ ಸಿಗಲಿಲ್ಲ. ಕಡಿಮೆ ಉಷ್ಣಾಂಶದಲ್ಲಿ ಈಥರ್ ಬಳಸಿ ತೆಗೆದಾಗ ಸಿಕ್ಕಿತು. ಅದೇ ಆರ್ಟೆಮಿಸಿನಿನ್, 2015ರ ನೊಬೆಲ್. ಜ್ಞಾನ ಹಳೆಯ ಗ್ರಂಥದಲ್ಲಿತ್ತು, ಔಷಧ ಆಗಿದ್ದು ಯಾವ ಅಣು, ಎಷ್ಟು, ಹೇಗೆ ಅಂತ ಗೊತ್ತಾದ ಮೇಲೆ. ಮಂಗರವಳ್ಳಿ ಇನ್ನೂ ಆ ದಾರಿಯ ಮಧ್ಯದಲ್ಲಿದೆ. ಇಲಿಗಳಲ್ಲಿ ಒಳ್ಳೆಯ ಸುಳಿವು, ಮನುಷ್ಯರಲ್ಲಿ ಕೆಲವು ಸಣ್ಣ ಅಧ್ಯಯನ. ಇದನ್ನು ತಿಂದ ಸಾವಿರಾರು ಹೆಂಗಸರಲ್ಲಿ ಮೂಳೆ ಮುರಿತ ಕಡಿಮೆಯಾಯಿತಾ ಅಂತ ನೋಡಿದ ದೊಡ್ಡ ಪ್ರಯೋಗ ನಡೆದಿಲ್ಲ.

30,000ದಲ್ಲಿ ಒಂದು

‘ತಟ್ಟೆಯಲ್ಲಿ ಆಯ್ತು, ಇಲಿಯಲ್ಲೂ ಆಯ್ತು, ಇನ್ನೇನು ಬೇಕು’ ಅನ್ನೋರಿಗೆ ನಾನು ಹೇಳೋ ಕಥೆ ಒಂದಿದೆ.

1999ರಲ್ಲಿ ಅಮೆರಿಕದ ಟೆಕ್ಸಸ್‌ನ ಗ್ರೆಗರಿ ಮಂಡಿ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಬಿಎಂಪಿ-2 ಜೀನನ್ನು ಆನ್ ಮಾಡುವ ನೈಸರ್ಗಿಕ ಅಣು ಹುಡುಕುತ್ತಾ ಅವರು 30,000ಕ್ಕೂ ಹೆಚ್ಚು ನೈಸರ್ಗಿಕ ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದರು. ಅಷ್ಟರಲ್ಲಿ ಗೆದ್ದದ್ದು ಒಂದೇ: ಶಿಲೀಂಧ್ರದಿಂದ ಬರುವ ಲೊವಾಸ್ಟಾಟಿನ್. ಕೊಲೆಸ್ಟರಾಲ್ ಇಳಿಸಲು ಆಗಲೇ ಲಕ್ಷಾಂತರ ಜನ ನುಂಗುತ್ತಿದ್ದ ಸ್ಟಾಟಿನ್ ಗುಂಪಿನ ಮಾತ್ರೆ! ಸ್ಟಾಟಿನ್ ಅನ್ನು ಇಲಿಗಳ ತಲೆಬುರುಡೆಯ ಮೇಲೆ ಚರ್ಮದಡಿ ಚುಚ್ಚಿದಾಗ ಹೊಸ ಮೂಳೆ ಬೆಳೆಯಿತು. ಮರುವರ್ಷ ಸ್ಟಾಟಿನ್ ತಗೊಳ್ಳುವ ವೃದ್ಧರ ದಾಖಲೆಗಳನ್ನು ಜಾಲಾಡಿದ ಅಧ್ಯಯನಗಳು ಬಂದವು. ಅವರಲ್ಲಿ ಮೂಳೆ ಮುರಿತ ಕಡಿಮೆ ಅಂದವು. ತಟ್ಟೆ ಸರಿ, ಇಲಿ ಸರಿ, ಜನರ ದಾಖಲೆಯೂ ಸರಿ. ಇನ್ನೇನು, ಮೂಳೆ ಸಮಸ್ಯೆ ಮುಗಿಯಿತು ಅನ್ನೋ ಹಾಗಿತ್ತು.

ಆಮೇಲೆ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟಾಟಿನ್, ಇನ್ನೊಂದಕ್ಕೆ ಖಾಲಿ ಮಾತ್ರೆ ಕೊಟ್ಟಿದ್ದ ದೊಡ್ಡ ಹೃದಯ ಪ್ರಯೋಗಗಳಲ್ಲಿ ಮೂಳೆ ಮುರಿತ ಎಣಿಸಿದರು. ವ್ಯತ್ಯಾಸ ಇಲ್ಲ. 17,802 ಜನರಿದ್ದ ಜುಪಿಟರ್ ಪ್ರಯೋಗದಲ್ಲೂ ಇಲ್ಲ. ಹಾಗಾದರೆ ಮೊದಲು ಕಂಡಿದ್ದೇನು? ಮಾತ್ರೆ ತಪ್ಪದೆ ತಗೊಳ್ಳೋರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಜಾಗ್ರತೆ ಇರೋರು, ಸ್ವಲ್ಪ ಅನುಕೂಲಸ್ಥರು. ಲೆಕ್ಕದಲ್ಲಿ ಆ ಅನುಕೂಲ ಔಷಧದ ವೇಷ ಹಾಕಿಕೊಂಡು ಬಂದಿರುವ ಸಾಧ್ಯತೆಯೇ ಹೆಚ್ಚು.

ಸೋತದ್ದಕ್ಕೆ ಒಂದು ದೊಡ್ಡ ಕಾರಣ ವಿಳಾಸ. ನುಂಗಿದ ಸ್ಟಾಟಿನ್ ಕರುಳಿನಿಂದ ಸೀದಾ ಲಿವರ್‌ಗೆ ಹೋಗುತ್ತದೆ, ಬಹುಪಾಲು ಅಲ್ಲೇ ಉಳಿದುಬಿಡುತ್ತದೆ. ಮೂಳೆಮಜ್ಜೆಗೆ ತಲುಪೋದು ಚಿಲ್ಲರೆ. ತಟ್ಟೆಯಲ್ಲಿ ಕೋಶದ ಮೇಲೆ ಅಣುವನ್ನು ನಾವೇ ಸುರಿಯುತ್ತೇವೆ, ದೇಹದಲ್ಲಿ ಅದು ತಾನೇ ದಾರಿ ಹುಡುಕಿಕೊಂಡು ಹೋಗಬೇಕು.

ಈಗ ಅಮ್ಮ ಬಿಡಬೇಕೆಂದಿರೋ ಇಂಜೆಕ್ಷನ್ ನೋಡಿ. ಜೊಲೆಡ್ರೊನಿಕ್ ಆ್ಯಸಿಡ್ ಸ್ಟೆಮ್ ಸೆಲ್ ಎಬ್ಬಿಸುವ ಔಷಧ ಅಲ್ಲ. ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳ ಕೈ ಕಟ್ಟುತ್ತದೆ, ಅಷ್ಟೇ. ಸ್ವಾರಸ್ಯ ಏನೆಂದರೆ, ಸ್ಟಾಟಿನ್ ತಡೆಯೋದು ಯಾವ ರಾಸಾಯನಿಕ ಸರಪಳಿಯನ್ನೋ ಅದೇ ಸರಪಳಿಯ ಕೆಳಗಿನ ಕೊಂಡಿಯೊಂದನ್ನು ಇದು ತಡೆಯುತ್ತದೆ. ಆದರೆ ಇದಕ್ಕೆ ಮೂಳೆಯ ಖನಿಜಕ್ಕೆ ಹೋಗಿ ಗಟ್ಟಿಯಾಗಿ ಅಂಟಿಕೊಳ್ಳುವ ಗುಣ ಇದೆ. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 7,000ಕ್ಕೂ ಹೆಚ್ಚು ಮಹಿಳೆಯರಿಗೆ ವರ್ಷಕ್ಕೊಂದರಂತೆ ಮೂರು ವರ್ಷ ಕೊಟ್ಟಾಗ, ಬೆನ್ನುಮೂಳೆಯ ಮುರಿತದ ಅಪಾಯ ಶೇ. 70ರಷ್ಟು, ಸೊಂಟದ ಮುರಿತದ್ದು ಶೇ. 41ರಷ್ಟು ಕಡಿಮೆಯಾಯಿತು. ಅಡ್ಡಪರಿಣಾಮ ಇಲ್ಲವೇ? ಇದೆ. ಮೊದಲ ಡೋಸ್‌ಗೆ ಜ್ವರ ಸಾಮಾನ್ಯ, ಮುಂದಿನ ಡೋಸ್‌ಗಳಲ್ಲಿ ಕಡಿಮೆಯಾಗುತ್ತದೆ. ಕಿಡ್ನಿ ಪರೀಕ್ಷೆ ಮಾಡಿಸಿಯೇ ಕೊಡಬೇಕು, ಅಪರೂಪಕ್ಕೆ ದವಡೆಯ ತೊಂದರೆ ಬರಬಹುದು. ಇವೆಲ್ಲ ಗೊತ್ತಿರೋದು ಅದನ್ನು ಪರೀಕ್ಷಿಸಿದ್ದರಿಂದ. ಬಾಟಲಿಗೆ ಅಡ್ಡಪರಿಣಾಮ ಇಲ್ಲ ಅನ್ನೋರು ಎಷ್ಟು ಜನರಲ್ಲಿ ಹುಡುಕಿದ್ದಾರೆ ಅಂತ ಕೇಳಬೇಕು.

ಉಳಿದದ್ದು ಅರಿಶಿನ, ಮೆಣಸು, ಸೋಯಾ. ಕರ್ಕ್ಯುಮಿನ್ ಬಾಟಲಿಗಳ ಮೇಲೆ ಕಾಣುವ ‘ಶೇ. 2000 ಹೆಚ್ಚು ಹೀರಿಕೆ’ ಅನ್ನೋ ಸಾಲು ನಮ್ಮ ಬೆಂಗಳೂರಿನದ್ದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಣು, ಕೊಟ್ಟಾಗ ರಕ್ತಕ್ಕೆ ಸೇರುವುದು ಅಷ್ಟು ಹೆಚ್ಚಿತು. ನಿಜ. ಆದರೆ ಅದೇ ಅಧ್ಯಯನದಲ್ಲಿ ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚುಕಡಿಮೆ ಸೊನ್ನೆಯ ಇಪ್ಪತ್ತು ಪಟ್ಟು ಎಷ್ಟಾಗುತ್ತೆ ಅಂತ ಲೆಕ್ಕ ಹಾಕಲು ಎಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ಜೊತೆಗೆ, ಪೈಪರಿನ್ ಕೆಲಸ ಮಾಡೋದು ಲಿವರ್ ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡೋದನ್ನು ನಿಧಾನಗೊಳಿಸಿ. ಬೇರೆ ಮಾತ್ರೆಗಳ ಪ್ರಮಾಣವೂ ಅದರಿಂದ ಏರಬಹುದು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟ್ ತಗೊಂಡವರಲ್ಲಿ ಲಿವರ್ ಉರಿಯೂತದ ಪ್ರಕರಣಗಳು ಕಾಣಿಸಿಕೊಂಡು ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ಸಾರಿಗೆ ಹಾಕೋ ಚಿಟಿಕೆ ಅರಿಶಿನದ ಮಾತಲ್ಲ ಇದು.

ಸೋಯಾದ್ದು ಇನ್ನೂ ಗೋಜಲು. 2007ರಲ್ಲಿ ಇಟಲಿಯ 389 ಮಹಿಳೆಯರ ಪ್ರಯೋಗದಲ್ಲಿ ದಿನಕ್ಕೆ 54 ಮಿಲಿಗ್ರಾಂ ಜೆನಿಸ್ಟೀನ್ ಎರಡು ವರ್ಷದಲ್ಲಿ ಮೂಳೆಯ ಸಾಂದ್ರತೆ ಹೆಚ್ಚಿಸಿತು. 2011ರಲ್ಲಿ ಅಮೆರಿಕದ 248 ಮಹಿಳೆಯರ ಪ್ರಯೋಗದಲ್ಲಿ ದಿನಕ್ಕೆ 200 ಮಿಲಿಗ್ರಾಂ ಸೋಯಾ ಐಸೊಫ್ಲೇವೋನ್ ಮೂಳೆ ಸವೆತವನ್ನು ತಡೆಯಲಿಲ್ಲ. ಇದೇ ಕುಟುಂಬದ, ಲ್ಯಾಬಿನಲ್ಲಿ ತಯಾರಿಸಿದ ಇಪ್ರಿಫ್ಲೇವೋನ್ 474 ಮಹಿಳೆಯರಲ್ಲಿ ಸೋತಿದ್ದಷ್ಟೇ ಅಲ್ಲ, ಕೆಲವರಲ್ಲಿ ಬಿಳಿರಕ್ತಕಣ ಇಳಿಸಿತು. ಸಂಶೋಧನೆ ಅಂದರೆ ಹೀಗೇ ಇರುತ್ತೆ, ಮಾರೋರು ಮೊದಲ ಸಾಲು ಮಾತ್ರ ಓದುತ್ತಾರೆ.

ನನ್ನ ಅಂದಾಜು ಕೇಳಿದರೆ, ಈ ಅಣುಗಳ ಭವಿಷ್ಯ ನುಂಗುವ ಮಾತ್ರೆಯಲ್ಲಿ ಇಲ್ಲ. ಹಲ್ಲು ಕೂರಿಸುವಾಗ ಅಥವಾ ಮೂಳೆ ತುಂಡಾದ ಜಾಗದಲ್ಲಿ ತುಂಬುವ ಹಂದರಕ್ಕೆ ಅಣುವನ್ನು ಲೇಪಿಸಿ, ಸ್ಟೆಮ್ ಸೆಲ್ ಪಕ್ಕದಲ್ಲೇ ಇಡುವ ಪ್ರಯತ್ನಗಳು ಹಲವು ಲ್ಯಾಬ್‌ಗಳಲ್ಲಿ ನಡೆಯುತ್ತಿವೆ. ಅಲ್ಲಿ ಕರುಳೂ ಇಲ್ಲ, ಲಿವರೂ ಇಲ್ಲ, ವಿಳಾಸದ ಸಮಸ್ಯೆಯೇ ಇಲ್ಲ.

ಪರೀಕ್ಷೆಗೆ ದುಡ್ಡಿಲ್ಲ, ಜಾಹೀರಾತಿಗೆ ಇದೆ

ಹಾಗಾದರೆ ಮಂಗರವಳ್ಳಿ ಮೇಲೆ ಆ ದೊಡ್ಡ ಪ್ರಯೋಗ ಯಾಕೆ ನಡೆದಿಲ್ಲ? ಬೇಲಿಯ ಬಳ್ಳಿಗೆ ಪೇಟೆಂಟ್ ಸಿಗಲ್ಲ, ಅದಕ್ಕೆ ಕೋಟಿಗಟ್ಟಲೆ ಸುರಿಯಲು ಕಂಪನಿಗಳು ಮುಂದೆ ಬರಲ್ಲ. ಇಂಥ ಕಡೆಗೇ ಸರ್ಕಾರಿ ಹಣ ಬೇಕಿರೋದು. ಕೇಂದ್ರದಲ್ಲಿ 2014ರಿಂದ ಪ್ರತ್ಯೇಕ ಆಯುಷ್ ಸಚಿವಾಲಯವೇ ಇದೆ. ಆದರೆ ಜಾಹೀರಾತಿನ ವಿಷಯದಲ್ಲಿ ಅದು ನಡೆದುಕೊಂಡ ರೀತಿ ನೋಡಿ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ರಾಜ್ಯದ ಪ್ರಾಧಿಕಾರದ ಮುಂಚಿತ ಒಪ್ಪಿಗೆ ಬೇಕು ಅನ್ನೋ 170ನೇ ನಿಯಮ 2018ರಲ್ಲಿ ಬಂತು. 2023ರ ಆಗಸ್ಟ್‌ನಲ್ಲಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಅದರಡಿ ಕ್ರಮ ಬೇಡ ಅಂದಿತು. 2024ರ ಜುಲೈನಲ್ಲಿ ನಿಯಮವನ್ನೇ ಕೈಬಿಡುವ ಅಧಿಸೂಚನೆ ಹೊರಡಿಸಿತು. ಪತಂಜಲಿ ಜಾಹೀರಾತುಗಳ ಪ್ರಕರಣ ನಡೆಸುತ್ತಿದ್ದ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಆ ಅಧಿಸೂಚನೆಗೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಗಿಸುವಾಗ ತಡೆಯನ್ನೂ ತೆರವು ಮಾಡಿತು.

ಅಮ್ಮನ ಬಾಟಲಿಯಂತೂ ಈ ನಿಯಮಕ್ಕೆ ಸಿಗುತ್ತಲೇ ಇರಲಿಲ್ಲ. ಅದು ಔಷಧ ಅಲ್ಲ, ಎಫ್‌ಎಸ್‌ಎಸ್‌ಎಐ ಪರವಾನಗಿ ಇರುವ ‘ಆಹಾರ ಪೂರಕ’. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಹಾಗೆ ಬರೆಯೋದು ಕಾನೂನಿನ ಕಡ್ಡಾಯ. ಇಂಗ್ಲಿಷ್ ಓದಲು ಬಾರದ ಅಮ್ಮನಿಗೆ ಔಷಧ ಅಂತ ಹೇಳಿದ್ದು ಕನ್ನಡದ ವಿಡಿಯೋ. ಅದಕ್ಕೆ ಪರವಾನಗಿಯೂ ಇಲ್ಲ, ವಿಳಾಸವೂ ಇಲ್ಲ. ಸ್ಟೆಮ್ ಸೆಲ್ ಅನ್ನು ನೇರವಾಗಿ ಚುಚ್ಚುವ ಚಿಕಿತ್ಸೆಗಾದರೂ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ರಕ್ತದ ಸ್ಟೆಮ್ ಸೆಲ್ ಕಸಿಯಂಥ ಒಪ್ಪಿತ ಬಳಕೆ ಬಿಟ್ಟು ಉಳಿದದ್ದೆಲ್ಲ ಅನುಮೋದಿತ ಪ್ರಯೋಗದೊಳಗೇ ಆಗಬೇಕು ಅನ್ನುತ್ತದೆ. ‘ಎಬ್ಬಿಸುತ್ತೇವೆ’ ಅನ್ನೋರು ಅದರಿಂದಲೂ ನುಣುಚಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿ ಅಮ್ಮಂದಿರನ್ನು ಬೈದು ಪ್ರಯೋಜನ ಇಲ್ಲ. ಸ್ಕ್ಯಾನಿಗೆ ಅವಳನ್ನು ಜಿಲ್ಲಾ ಕೇಂದ್ರದ ಖಾಸಗಿ ಸೆಂಟರ್‌ಗೆ ಕರಕೊಂಡು ಹೋಗಬೇಕಾಯಿತು, ನಮ್ಮ ತಾಲೂಕಿನಲ್ಲಿ ಆ ಯಂತ್ರವೇ ಇಲ್ಲ. ಡ್ರಿಪ್ ಹಾಕಿದ ದಿನ ಮುಂದೆ ಜ್ವರ ಬರಬಹುದು, ಹೆದರಬೇಡಿ ಅಂತ ಹೇಳಲು ಅಲ್ಲಿ ಯಾರಿಗೂ ಎರಡು ನಿಮಿಷ ಇರಲಿಲ್ಲ. ವಿಡಿಯೋದ ಮನುಷ್ಯ ಹನ್ನೆರಡು ನಿಮಿಷ ಮಾತಾಡಿದ್ದಾನೆ, ‘ಅಮ್ಮಾ’ ಅಂತ ಕರೆದು.

ಊಟ ಆದ ಮೇಲೆ ಅಮ್ಮನ ಪಕ್ಕ ಕೂತು ಹೇಳಿದೆ: ಜ್ವರ ಈ ಸಲ ಅಷ್ಟು ಬರಲ್ಲಮ್ಮ, ಬಂದರೂ ಪ್ಯಾರಾಸಿಟಮಾಲ್ ತಗೋಬಹುದು, ಡಾಕ್ಟರನ್ನೇ ಕೇಳೋಣ. ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಟೆಸ್ಟ್. ಬಾಟಲಿ ಬೇಡ, ನೀನು ಬಿಪಿ ಮಾತ್ರೆ ಬೇರೆ ತಗೋತೀಯ.

“ಮತ್ತೆ ಮಂಗರವಳ್ಳಿ?” ಅಂದಳು.

“ಚಟ್ನಿ ಮಾಡು. ಹುಣಸೆ ಜಾಸ್ತಿ ಹಾಕು.”

ಇಂಜೆಕ್ಷನ್‌ಗೆ ಮುಂದಿನ ಸೋಮವಾರ ಟೋಕನ್ ತಗೊಂಡಿದ್ದೀವಿ.